ನರ್ಸರಿಯವಳ ಹಾರ್ಮೋನಿಯಂ

ವಯಸ್ಸಾದವರು ಹೊಸದೇನಾದರೂ ಕಲಿಯೋಕೆ ಕೂತರೆ ಸುತ್ತಲಿನವರಿಗೆ ನಗೋಕೆ ಬರ ಇರೋದಿಲ್ಲ. ನಮ್ಮ ಮನೆಯಲ್ಲಿ ಕಲಿತವಳು ನನ್ನ ಹೆಂಡತಿ. ನಾನು ಚೆಟ್ಟಳ್ಳಿ ಕಡೆ ಒಂದು ಎಸ್ಟೇಟಿನಲ್ಲಿ ಜೀಪು ಓಡಿಸುವವನು. ಅವಳು ಅಲ್ಲೇ ನರ್ಸರಿಯಲ್ಲಿ ಕಾಫಿ ಸಸಿಯ ಚೀಲಕ್ಕೆ ಮಣ್ಣು ತುಂಬುತ್ತಿದ್ದಳು. ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ನನಗೆ ಬರೆದು ಅಭ್ಯಾಸ ಇಲ್ಲ. ಇದನ್ನೆಲ್ಲ ಹೇಳಿ ನಗಿಸುತ್ತಿದ್ದವಳು ಅವಳೇ. ಈಗ ಹೇಳೋರಿಲ್ಲ, ಅದಕ್ಕೆ ಬರೀತೀನಿ.

ನಮ್ಮ ಲೈನಿನ, ಅಂದರೆ ಎಸ್ಟೇಟಿನ ಕೆಲಸಗಾರರ ಮನೆ ಸಾಲಿನ, ಭಜನೆ ಮಂಡಳಿಗೆ ಒಂದು ಹಾರ್ಮೋನಿಯಂ ಇದೆ. ನಾವೆಲ್ಲ ಪೆಟ್ಟಿಗೆ ಅಂತೀವಿ. ನುಡಿಸುತ್ತಿದ್ದವರು ರಿಟೈರಾದ ಮೇಷ್ಟ್ರು. ಅವರು ಕುಶಾಲನಗರಕ್ಕೆ, ಮಗಳ ಮನೆಗೆ ಹೋಗೋದು ಅಂತಾಯ್ತು. ನುಡಿಸೋರಿಲ್ಲದ ಮೇಲೆ ಪೆಟ್ಟಿಗೆ ಯಾಕೆ, ಅಲ್ಲಿನ ಮಂಡಳಿಗೇ ಕೊಡೋಣ ಅಂತ ಅಧ್ಯಕ್ಷರು ಹೇಳಿದರು. ಹೆಂಗಸರ ಸಾಲಿನಿಂದ ಇವಳು, "ಕೊಡಬೇಡಿ, ನಾನು ಕಲೀತೀನಿ" ಅಂದಳು.

ಆಗ ಅವಳಿಗೆ ಐವತ್ತು ದಾಟಿತ್ತು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಮುಂದಿನ ಅಯ್ಯಪ್ಪ ಪೂಜೆವರೆಗೆ ಇದ್ದು ಕಲಿಸ್ತೀನಿ, ಅಲ್ಲೀತನಕ ಪೆಟ್ಟಿಗೆ ಇವರ ಮನೇಲೇ ಇರಲಿ. ಅವತ್ತು ಪೂರ್ತಿ ಭಜನೆ ಈಯಮ್ಮ ನುಡಿಸಿದರೆ ಪೆಟ್ಟಿಗೆ ಇಲ್ಲೇ. ಇಲ್ಲಾಂದ್ರೆ ನನ್ನ ಜೊತೆ ಬರ್ತದೆ" ಅಂದರು.

ಮನೆಗೆ ಬಂದು, ಯಾಕೆ ಬೇಕಿತ್ತು ಇದು ಅಂದೆ. ಸಣ್ಣವಳಿದ್ದಾಗ ಹಾಸನದ ಕಡೆ ಅವಳೂರಲ್ಲಿ ನಾಟಕದವರ ಪೆಟ್ಟಿಗೆ ಮುಟ್ಟಿ ಬೈಸಿಕೊಂಡಿದ್ದಳಂತೆ. "ಅವತ್ತಿಂದ ಬೆರಳು ಕಡೀತಾ ಇದೆ" ಅಂದಳು.

"ನರ್ಸರಿ ಮಣ್ಣಿಗೆ ಇರಬೇಕು" ಅಂದೆ.

ಅವತ್ತು ನನಗೆ ಊಟ ತಡವಾಯ್ತು.

ಬೊಟ್ಟು

ಯಾವ ಪಟ್ಟಿ ಒತ್ತಿದರೆ ಯಾವ ಸ್ವರ ಅಂತ ಅವಳಿಗೆ ನೆನಪು ನಿಲ್ಲಲಿಲ್ಲ. ಸ್ಟಿಕರ್ ಬೊಟ್ಟು ತಂದು ಪಟ್ಟಿಗಳಿಗೆ ಅಂಟಿಸಿದಳು. ಸ ಅಂದರೆ ಕೆಂಪು, ಪ ಅಂದರೆ ಹಸಿರು, ಹೀಗೆ. ಮೊದಲ ಸಲ ಶನಿವಾರದ ಭಜನೆಗೆ ಕೂತಳು. ಹೆದರಿಕೆಗೆ ಬೆರಳೆಲ್ಲ ಬೆವರು. ಬೊಟ್ಟು ಒಂದೊಂದೇ ಬೆರಳಿಗೆ ಹತ್ತಿಕೊಂಡಿತು. ನಡುನಡುವೆ ಮುಖ ಒರೆಸಿಕೊಂಡಳು. ಮಂಗಳಾರತಿ ಹೊತ್ತಿಗೆ ಕೆನ್ನೆ, ಮೂಗು, ಗಲ್ಲ ಎಲ್ಲ ಕಡೆ ಬಣ್ಣ ಬಣ್ಣದ ಬೊಟ್ಟು.

ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಸ್ವರ ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದ್ದೆನಮ್ಮ. ಎಲ್ಲ ಮುಖದ ಮೇಲೇ ಇದೆ."

ಮನೆಗೆ ಬಂದು ಉಳಿದ ಬೊಟ್ಟನ್ನೂ ಅವಳೇ ಕಿತ್ತಳು. "ಸಸಿಗೆ ಮಣ್ಣು ತುಂಬೋವಾಗ ಕೈ ನೋಡ್ತೀನಾ? ಇದೂ ಹಾಗೇ ಬರಬೇಕು" ಅಂದಳು. ಬಂತು.

ರೈಟರ ಗಂಟೆ

ಬೆಳಿಗ್ಗೆ ಕೆಲಸಕ್ಕೆ ಸೇರೋಕೆ, ಹಾಜರಿ ಲೆಕ್ಕ ಬರೆಯುವ ರೈಟರು ಗಂಟೆ ಹೊಡೆಸುತ್ತಾರೆ. ಯಾವತ್ತೂ ಟೈಮಿಗೆ ಸ್ವಲ್ಪ ಮುಂಚೆಯೇ. ಇವಳು ಅಡುಗೆ ಮುಗಿಸಿ ಪೆಟ್ಟಿಗೆ ಹಿಡಿದು ಕೂತರೆ ಸರಿಯಾದ ಟೈಮಿಗೆ ನಿಲ್ಲಿಸಿ ಹೊರಡುತ್ತಿದ್ದಳು. ಲೈನಿನವರಿಗೆ ಅದೇ ಗುರುತಾಯ್ತು. ಗಂಟೆ ಹೊಡೆದರೆ ಯಾರೂ ಏಳರು. ಪೆಟ್ಟಿಗೆ ನಿಂತರೆ ಎಲ್ಲರೂ ಬುತ್ತಿ ಹಿಡಿದು ಹೊರಗೆ.

ಒಂದು ದಿನ ಕಷ್ಟದ ಹಾಡೊಂದು ಕೈಗೆ ಬಂತು. ಬಂದ ಸಂತೋಷಕ್ಕೆ ನಿಲ್ಲಿಸೋದನ್ನೇ ಮರೆತಳು. ಮಸ್ಟರಿಗೆ, ಅಂದರೆ ಬೆಳಗಿನ ಹಾಜರಿಗೆ, ಒಬ್ಬರೂ ಬರಲಿಲ್ಲ. ರೈಟರು ಸಿಟ್ಟಿನಿಂದ ಲೈನಿಗೇ ಬಂದರು. ಎಲ್ಲರೂ ಬುತ್ತಿ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಾರೆ.

"ಗಂಟೆ ಕೇಳಿಸಲಿಲ್ವಾ?"

"ಕೇಳಿಸ್ತು ಸಾರ್. ಆದ್ರೆ ಅಕ್ಕನ ಪೆಟ್ಟಿಗೆ ಇನ್ನೂ ನಿಂತಿಲ್ಲ."

ಬೈಯೋಕೆ ಅಂತ ನಮ್ಮ ಮನೆ ಬಾಗಿಲಿಗೆ ಬಂದರು. ಬಂದವರು ನಿಂತರು. ಜೀಪು ತಂದು, ಹೊರಡೋಣವಾ ಸಾರ್ ಅಂದೆ. ಅವರು ಕೈ ಅಡ್ಡ ಮಾಡಿ, "ಇರು ಮಾರಾಯ, ಇನ್ನೊಂದು ಚರಣ ಇದೆ" ಅಂದರು.

ಅವತ್ತು ಮಸ್ಟರಿಗೆ ಎಲ್ಲರಿಗಿಂತ ಲೇಟಾಗಿ ಬಂದವರು ರೈಟರು.

ಅಜ್ಜನಿಗೆ ಸಮಾಧಾನ

ಮಂಡಳಿಯಲ್ಲಿ ಹಾಡು ಎತ್ತುವವರು ಒಬ್ಬ ಅಜ್ಜ. ಗಂಟಲು ಎಲ್ಲಿ ಹೋಗುತ್ತದೋ ಅಲ್ಲಿಂದಲೇ ಶುರು. ನಿನ್ನೆ ಮೇಲೆ, ಇವತ್ತು ಕೆಳಗೆ. ಮೇಷ್ಟ್ರು "ಶ್ರುತಿ, ಶ್ರುತಿ" ಅಂತ ಬೈದು ಬೈದು ಸಾಕಾಗಿದ್ದರು. ಇವಳು ಬೈಯಲಿಲ್ಲ. ಅಜ್ಜ ಎಲ್ಲಿ ಎತ್ತಿದರೂ ಅಲ್ಲಿಗೇ ಬೆರಳು ಒಯ್ಯೋದು ಕಲಿತಳು. ಅದು ದೊಡ್ಡ ದೊಡ್ಡವರಿಗೂ ಸುಲಭ ಅಲ್ಲ ಅಂತ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಅಜ್ಜನಿಗೂ ಸಂತೋಷ ಆಯ್ತು. "ಇಷ್ಟು ವರ್ಷ ಆ ಪೆಟ್ಟಿಗೆ ಕೆಟ್ಟಿತ್ತು. ಈಯಮ್ಮ ಯಾರ ಹತ್ರ ರಿಪೇರಿ ಮಾಡಿಸಿದಳೋ."

ಅಪ್ಪಣೆ

ಪೂಜೆಯ ದಿನ ಬಂತು. ಬೆಳಿಗ್ಗೆ ನೋಡಿದರೆ ತಿದಿಗೆ ಇಲಿ ತೂತು ಮಾಡಿದೆ. ತಿದಿ ಅಂದರೆ ಪೆಟ್ಟಿಗೆಯ ಹಿಂದೆ ಗಾಳಿ ಒತ್ತುವ ಭಾಗ. ಅದರ ಗಾಳಿ ಹೋದರೆ ಸ್ವರವೇ ಇಲ್ಲ. ಟ್ಯೂಬಿಗೆ ಹಾಕುವ ಪಂಕ್ಚರ್ ಪ್ಯಾಚು ಹಾಕಿದೆ. ಮೊದಲ ಹಾಡಿಗೇ ಕಿತ್ತು ಬಂತು. ಅವಳು ತಿರುಗದೆ, "ರೀ, ಕೈ ಇಡಿ" ಅಂದಳು.

ಹಿಂದೆ ಕೂತು ತೂತಿನ ಮೇಲೆ ಅಂಗೈ ಒತ್ತಿ ಹಿಡಿದೆ. ತಿದಿ ಹಿಂದೆ ಮುಂದೆ ಹೋದ ಹಾಗೆ ನಾನೂ ಹಿಂದೆ ಮುಂದೆ. ಬೆರಳ ಸಂದಿಯಿಂದ ಗಾಳಿ ಉಸ್ ಉಸ್ ಅನ್ನುತ್ತಿತ್ತು. ಸಾಂಬ್ರಾಣಿ ಹೊಗೆಗೆ ಕಣ್ಣು ಮುಚ್ಚಿದೆ. ಹಾಡು ಜೋರಾಯ್ತು, ನಾನೂ ಜೋರಾದೆ. ಅವಳು ಒಂದು ಸ್ವರ ತಪ್ಪಲಿಲ್ಲ.

ಯಾರೋ ಹೆಂಗಸು ಬಂದು ಕಾಲಿಗೆ ಬಿದ್ದಳು. "ಸ್ವಾಮಿ, ಮಗಳ ಮದುವೆ ಯಾವಾಗ?" ಮಾಲೆ ಹಾಕುವ ಕಾಲದಲ್ಲಿ ಎಲ್ಲರೂ ಎಲ್ಲರಿಗೂ ಸ್ವಾಮಿ ಅಂತಾರೆ. ನನಗೇನೂ ಅನಿಸಲಿಲ್ಲ. "ಈಗ ಬೇಡಮ್ಮ, ಇದೊಂದು ಮುಗೀಲಿ" ಅಂದೆ. ಆ ಹೆಂಗಸು ಕೈ ಕಣ್ಣಿಗೊತ್ತಿಕೊಂಡು ಹೋದಳು.

ಆಮೇಲೆ ಅಧ್ಯಕ್ಷರು ಕೈ ಮುಗಿದು ಬಂದರು. "ಸ್ವಾಮಿ, ಪೆಟ್ಟಿಗೆ ಯಾರಿಗೆ ಕೊಡೋದು?"

ನನ್ನ ಕೈ ಸೋತಿತ್ತು. "ಕಿವಿ ಇಲ್ವಾ ನಿಮಗೆ? ನುಡಿಸೋಳ ಹತ್ರ ಇರಲಿ" ಅಂತ ಗದರಿದೆ.

ಅವರು ಸೀದಾ ಮೈಕಿಗೆ ಹೋಗಿ, "ಅಪ್ಪಣೆ ಆಯ್ತು" ಅಂದರು. ಯಾರೋ ನನ್ನ ತಲೆ ಮೇಲೆ ಒಂದು ಚೊಂಬು ನೀರು ಸುರಿದರು. ನನ್ನ ಮೈಮೇಲೆ ದೇವರು ಬಂದಿದೆ ಅಂತ ಊರೆಲ್ಲ ನಂಬಿದ್ದು ಆಗ ಗೊತ್ತಾಯ್ತು.

ಮನೆಗೆ ಬಂದ ಮೇಲೆ ಅವಳಿಗೆ ಸಿಟ್ಟು. "ವರ್ಷ ಪೂರ್ತಿ ಕಲಿತವಳು ನಾನು. ಕೊಡಿಸಿದ್ದು ನಿಮ್ಮ ದೇವರು ಅಂತಾರಲ್ಲ." ಮೇಷ್ಟ್ರು ಹೊರಡೋ ಮುಂಚೆ ಬಂದು ಹೇಳಿದರು, "ತೂತು ಬಿದ್ದ ಪೆಟ್ಟಿಗೆಯಲ್ಲಿ ಹಾಗೆ ನುಡಿಸೋಕೆ ನನ್ನ ಕೈಲಾಗಲ್ಲಮ್ಮ. ದೇವರಿಗಿಂತ ಮುಂಚೆ ನಾನೇ ಬಿಟ್ಟುಕೊಟ್ಟಿದ್ದೆ." ಆಮೇಲೇ ಅವಳು ನಕ್ಕಿದ್ದು. ನನ್ನ ಹಾಗೆ ಹಿಂದೆ ಮುಂದೆ ಆಡಿ ತೋರಿಸಿ ನಕ್ಕಳು.

ಅವಳು ಹೊಸ ತಿದಿ ಹಾಕಿಸಿದಳು. ದೇವರು ಮತ್ತೆ ಬರಲಿಲ್ಲ. ನಾನು ತೂತು ಮುಚ್ಚಿ ಹಿಡಿದಿದ್ದೆ ಅಷ್ಟೇ ಅಂತ ನಿಜ ಹೇಳಿದರೂ ಯಾರೂ ನಂಬಲಿಲ್ಲ.

ಅವಳಿಲ್ಲದ ಮೊದಲ ಪೂಜೆ ಈ ವರ್ಷ ಆಯ್ತು. ಅವಳು ಕಲಿಸಿದ, ಕಾಫಿ ಹಣ್ಣು ಪಿಕ್ಕಿಂಗಿನ ಹೆಂಗಸೊಬ್ಬಳು ನುಡಿಸಿದಳು. ಚೆನ್ನಾಗಿ ನುಡಿಸಿದಳು. ಅಧ್ಯಕ್ಷರು ನನ್ನನ್ನು ಪೆಟ್ಟಿಗೆ ಪಕ್ಕ ಕೂರಿಸಿ, ಭಜನೆ ಮುಗಿಯುವವರೆಗೆ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಹತ್ತಿರ ಬಂದು ಮೆಲ್ಲಗೆ, "ಈ ಸಲವೂ ಬರಲಿಲ್ವಾ?" ಅಂದರು.

"ಎಲ್ಲಿಂದ ಬರ್ತದೆ? ತಿದಿ ಹೊಸದಲ್ವಾ" ಅಂದೆ.

ಅವರು ಸುತ್ತ ನೋಡಿ ಇನ್ನೂ ಹತ್ತಿರ ಸರಿದರು.

"ಹಳೇದು ಎಲ್ಲಿಟ್ಟಿದ್ದೀಯ?" ಅಂದರು.