ಹೊಗೆಗೆ ಬೇಕಾದಷ್ಟು ಸದ್ದು

ತಾನು ಮಾಡುವ ಸದ್ದು ಯಾರಿಗೂ ಸದ್ದಾಗಿ ಕೇಳುವುದಿಲ್ಲ. ಕಬಕದ ನಮ್ಮ ಮನೆಯಲ್ಲಿ ಹೆಂಡತಿ ನನ್ನ ಗೊರಕೆಯ ಮಾತೆತ್ತಿದಾಗಲೆಲ್ಲ ನಾನು ಅದನ್ನು ಅವಳ ಕಲ್ಪನೆ ಎಂದೇ ನಂಬಿದವನು. ಪುತ್ತೂರಿನ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಪಾಠ ಮಾಡುತ್ತಾ ಪಿಎಚ್‌ಡಿಗಾಗಿ ನಾನು ನಡೆಸುತ್ತಿದ್ದ ಪ್ರಯೋಗವೂ ಹಾಗೆಯೇ. ಕೊಳವೆಯಿಂದ ಗಿರಗಿರನೆ ಸುತ್ತುತ್ತಾ ಹೊರಬರುವ ಗಾಳಿಗೆ ಹೊಗೆ ಸೇರಿಸಿ, ಪಕ್ಕದಲ್ಲಿ ಸ್ಪೀಕರ್ ಇಟ್ಟು ಒಂದೇ ಶ್ರುತಿಯ ಸದ್ದು ಹೊರಡಿಸುವುದು. ಶ್ರುತಿ ಸರಿಯಾದರೆ ಹೊಗೆ ಫಕ್ಕನೆ ಅಗಲವಾಗಿ ಸುತ್ತಲಿನ ಗಾಳಿಯೊಂದಿಗೆ ಬೆರೆಯುತ್ತದೆ. ಬರ್ನರಿನೊಳಗೆ ಇಂಧನವೂ ಗಾಳಿಯೂ ಹೀಗೆ ಬೆರೆತರೆ ಉರಿ ಚೊಕ್ಕ. ಈ ಲೋಕೋಪಕಾರದಲ್ಲಿ ಮುಳುಗಿದ್ದ ನನಗೆ ಗೋಡೆಯಾಚೆ ಒಂದು ತರಗತಿ ಇರುವುದೇ ಮರೆತುಹೋಗಿತ್ತು.

ಒಂದು ದಿನ ಕನ್ನಡ ಕಲಿಸುವ ಗಿರಿಜಾ ಮೇಡಂ ಬಾಗಿಲಲ್ಲಿ ನಿಂತು ಏನೋ ಹೇಳಿದರು. ಕೇಳಿಸಲಿಲ್ಲ. ಮತ್ತೆ ಹೇಳಿದರು. ಬರೀ ತುಟಿ ಅಲುಗಿತು. ಸ್ಪೀಕರ್ ಆರಿಸಿದೆ.

“ನನ್ನ ಗಂಟಲಿಗೆ ಆಪರೇಷನ್ ಆಗಿ ಉಂಟು ಹಮೀದ್ ಸರ್. ದೊಡ್ಡಕ್ಕೆ ಮಾತಾಡಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಈ ಸದ್ದಿನಲ್ಲಿ ಪಾಠ ಮಾಡುದು ಹೇಗೆ?”

“ನನ್ನದು ಇದು ಕೊನೆಯ ವರ್ಷ ಮೇಡಂ. ಈಗ ನಿಲ್ಲಿಸಿದರೆ ಇಷ್ಟು ವರ್ಷದ ಕೆಲಸ ಹೋಯಿತು.”

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಒಳಗೆ ಬಂದು, “ಎಂತ ಮಾಡುದು ಇದರಲ್ಲಿ?” ಎಂದರು. ತೋರಿಸಿದೆ. ಹೊಗೆ ಅರಳಿದ್ದನ್ನು ಅವರು ತುಂಬ ಹೊತ್ತು ನೋಡಿದರು.

“ಅದಕ್ಕೆ ಇಷ್ಟು ಜೋರು ಬೇಕಾ?”

ಶ್ರುತಿಯನ್ನು ನೂರು ಬಗೆಯಲ್ಲಿ ಬದಲಿಸಿದ್ದೆ. ಜೋರನ್ನು ಇಳಿಸಿ ನೋಡಿರಲಿಲ್ಲ. ಅವರೆದುರೇ ಇಳಿಸುತ್ತಾ ಹೋದೆ. ನಾವಿಬ್ಬರೂ ಮಾಮೂಲಿ ದನಿಯಲ್ಲಿ ಮಾತಾಡುವಷ್ಟು ಇಳಿದರೂ ಹೊಗೆ ಅರಳಿಯೇ ಇತ್ತು. ಇನ್ನೂ ಇಳಿಸಿದಾಗ ಮಾತ್ರ ಮತ್ತೆ ಸಪೂರ ಎಳೆಯಾಯಿತು.

“ಸಾಕು ಸರ್, ಪಾಪ, ಅದಕ್ಕೂ ಸ್ವಲ್ಪ ಕೇಳಬೇಕಲ್ಲ,” ಎಂದು ಅವರು ತರಗತಿಗೆ ಹೋದರು.

ಎಷ್ಟು ಸದ್ದು ಸಾಕು ಎನ್ನುವುದೇ ನನ್ನ ಪ್ರಬಂಧದ ಹೊಸ ಅಧ್ಯಾಯವಾಗಿದೆ, ಮಾರ್ಗದರ್ಶಕರು ಮೆಚ್ಚಿದ್ದಾರೆ. ತೊಂದರೆ ಈಗ ಬೇರೆ. ಗೋಡೆಯಾಚೆಯಿಂದ ಗಿರಿಜಾ ಮೇಡಂ ಅವರ ಮೆಲುದನಿಯ ಪಾಠ ಸ್ಪಷ್ಟವಾಗಿ ಕೇಳುತ್ತದೆ. ನಡುವೆ ಅವರು ಪ್ರಶ್ನೆ ಕೇಳುತ್ತಾರೆ. ಮಕ್ಕಳು ಯಾರೂ ಉತ್ತರಿಸುವುದಿಲ್ಲ. ನನಗೂ ಗೊತ್ತಿರುವುದಿಲ್ಲ; ಎಲ್ಲಿ ನನ್ನ ಹೆಸರನ್ನೇ ಕರೆದುಬಿಡುತ್ತಾರೋ ಎಂದು ತಲೆ ತಗ್ಗಿಸಿ ಹೊಗೆ ನೋಡುತ್ತೇನೆ.