ಎರಡು ಬೆರಳು ನೊರೆ

ಗಂಡಸು ಅಡುಗೆಮನೆಗೆ ಬಂದು ಒಂದೇ ಒಂದು ಗ್ಲಾಸು ತೊಳೆಯಲು ಶುರು ಮಾಡಿದರೂ ಸಾಕು, ಹೆಂಗಸಿನ ಆದಿತ್ಯವಾರ ಅಲ್ಲಿಗೆ ಮುಗಿಯಿತು. ಪುತ್ತೂರಿನ ನಮ್ಮ ಮನೆಯಲ್ಲಿ ಇಂಥ ಪ್ರಸಂಗ ಆಗುತ್ತಲೇ ಇರುತ್ತದೆ. ನನಗೀಗ ನಗುವಿಗಿಂತ ಸುಸ್ತೇ ಹೆಚ್ಚು.

ಉಪ್ಪು

ನಮ್ಮವರು ಕುಡಿಯುವುದು ವಾರಕ್ಕೊಂದೇ ಬಾಟಲಿ ಬಿಯರು. ಅದರ ಮೇಲೆ ನೊರೆ ನಿಲ್ಲುವುದಿಲ್ಲ ಎಂಬುದು ಅವರ ಬಹುಕಾಲದ ದುಃಖ. ಕಡಬದಲ್ಲಿ ರಬ್ಬರ್ ತೋಟ ಇರುವ ಅವರ ಗೆಳೆಯರೊಬ್ಬರು ಕಾರಣ ಹೇಳಿದರು: "ಗ್ಲಾಸಿನಲ್ಲಿ ಎಣ್ಣೆ ಪಸೆ ಉಂಟು ಮಾರಾಯ್ರೆ. ಒಂದು ಹನಿ ಎಣ್ಣೆ ಸಾಕು, ನೊರೆ ಸತ್ತಿತು. ತೊಳೆದು, ಒದ್ದೆ ಇರುವಾಗಲೇ ಒಳಗೆ ಉಪ್ಪು ಉದುರಿಸಿ ನೋಡಿ. ಎಲ್ಲಿ ಹಿಡಿಯುದಿಲ್ಲವೋ ಅಲ್ಲಿ ಪಸೆ."

ಅಂದಿನಿಂದ ನನ್ನ ಉಪ್ಪಿನ ಭರಣಿ ಅವರ ಕೈಯಲ್ಲಿ. ತೊಳೆಯುವುದು, ಉದುರಿಸುವುದು, ಬೆಳಕಿಗೆ ಹಿಡಿಯುವುದು, ಮತ್ತೆ ತೊಳೆಯುವುದು. ಭರಣಿ ಖಾಲಿ. ಮಧ್ಯಾಹ್ನ ಊಟಕ್ಕೆ ಕೂತು, "ಸಾರಿಗೆ ಉಪ್ಪೇ ಇಲ್ಲವಲ್ಲ ಮಾರಾಯ್ತಿ" ಎಂದರು.

"ಗ್ಲಾಸಿಗೆ ಸರಿ ಉಂಟಲ್ಲ," ಎಂದೆ.

ಮಜ್ಜಿಗೆ

ಆಮೇಲೆ ಬಂತು ಕಾನೂನು. ಆ ಗ್ಲಾಸುಗಳಿಗೆ ಬೇರೆ ಸ್ಪಂಜು, ಸೋಪಿನ ಬದಲು ಸೋಡಾಪುಡಿ. ಬಟ್ಟೆಯಲ್ಲಿ ಒರೆಸುವ ಹಾಗಿಲ್ಲ, ಕವುಚಿ ಹಾಕಿ ಗಾಳಿಗೆ ಒಣಗಿಸಬೇಕು. ಪಾತ್ರೆ ಸ್ಟ್ಯಾಂಡು ಪೂರ್ತಿ ಅವಕ್ಕೇ, ನನ್ನ ಪಾತ್ರೆಗಳು ನೆಲದ ಮೇಲೆ. ಅತ್ತೆಗೆ ಮಾತ್ರ ಈ ಕಾನೂನು ಹೇಳುವ ಧೈರ್ಯ ಅವರಿಗಿಲ್ಲ. ಹೇಳಿದರೆ ಗ್ಲಾಸು ಯಾವುದಕ್ಕೆಂದೂ ಹೇಳಬೇಕಲ್ಲ.

ಅತ್ತೆ ಚಂದ ಕಂಡ ಗ್ಲಾಸಿನಲ್ಲಿ ಮಜ್ಜಿಗೆ ಕುಡಿದು, ಬಂಗುಡೆ ಹುರಿದ ಕಾವಲಿ ಉಜ್ಜಿದ ನಾರಿನಲ್ಲೇ ಅದನ್ನೂ ತೊಳೆದಿಟ್ಟರು. ಸಂಜೆ ನೊರೆ ಎದ್ದಷ್ಟೇ ಬೇಗ ಇಳಿಯಿತು. ನಮ್ಮವರು ಗ್ಲಾಸಿಗೆ ಮೂಗಿಟ್ಟು, ನನ್ನ ಹತ್ತಿರ ಮೆಲ್ಲ ಕೇಳಿದರು, "ಇದರಲ್ಲಿ ಮೀನು ಹುರಿದದ್ದು ಯಾರು?"

ಒಳಗಿಂದ ಅತ್ತೆ ಹೇಳಿದರು, "ನಿನ್ನ ಆ ಕಷಾಯಕ್ಕೆ ಬೇರೆ ಗ್ಲಾಸು ತಕ್ಕೊ ಮಗಾ. ಇದು ಮಜ್ಜಿಗೆಗೆ ಒಳ್ಳೆದುಂಟು."

ಬೆರಳು

ಕಳೆದ ಆದಿತ್ಯವಾರ ಕಡಬದ ಗೆಳೆಯರು ಬಂದಿದ್ದರು. ಸಿಂಕಿನಲ್ಲಿ ಮಧ್ಯಾಹ್ನದ ಪಾತ್ರೆ ರಾಶಿ ಬಿದ್ದಿತ್ತು. ಒಂದು ಸಂಜೆಯಾದರೂ ಕಾಲು ಚಾಚಿ ಕೂರಬೇಕೆಂದು ನನಗೆ ಎಷ್ಟು ಆಸೆ. ಪಾತ್ರೆ ತೊಳೆದುಕೊಡಿ ಎಂದರೆ ಇವರದ್ದು ಒಂದೇ ಉತ್ತರ: "ಅದು ನನಗೆ ಬರುದಿಲ್ಲ."

ನಾನು ಅವರಿಬ್ಬರಿಗೆ ಬಂಗುಡೆ ಹುರಿಯುತ್ತಿದ್ದಾಗ ನಮ್ಮವರು ಜಗಲಿಯಿಂದ ಕರೆದರು, "ಬೇಗ ಬಾ, ನೋಡು." ಹೋದೆ. ಇವರ ಗ್ಲಾಸಿನಲ್ಲಿ ಎರಡು ಬೆರಳು ನೊರೆ, ಅಲುಗಾಡದೆ ನಿಂತಿತ್ತು. ತೊಟ್ಟಿಲ ಮಗುವನ್ನು ತೋರಿಸುವ ಹಾಗೆ ತೋರಿಸಿದರು. ತೆಂಗಿನೆಣ್ಣೆ ಮೆತ್ತಿದ ಬೆರಳನ್ನು ಆ ನೊರೆಯ ಮೇಲೆಯೇ ಹಿಡಿದೆ.

"ಪಾತ್ರೆ ತೊಳೀತೀರಾ, ಅದ್ದಲಾ?"

ಗೆಳೆಯರು ತಮ್ಮ ಗ್ಲಾಸನ್ನು ದೂರ ಸರಿಸಿಕೊಂಡರು. ನಮ್ಮವರು ಎದ್ದು ಒಳಗೆ ಹೋದರು. ನಾನು ಅವರ ಕುರ್ಚಿಯಲ್ಲಿ ಕೂತೆ. ಸುಖವಾಯಿತು.

ಕೊನೆಯ ಕಾವಲಿ ತೊಳೆದು ಅವರು ಓಡಿ ಬರುವಾಗ ನೊರೆ ತಾನಾಗಿಯೇ ಇಳಿದುಹೋಗಿತ್ತು. ಅವರು ಗ್ಲಾಸು ನೋಡಿದರು, ನನ್ನ ಬೆರಳು ನೋಡಿದರು.

"ನಾನು ಮುಟ್ಟಲೇ ಇಲ್ಲ ಮಾರಾಯ್ರೆ," ಎಂದೆ. "ನೀವು ಪಾತ್ರೆ ತೊಳೆಯುದೇ ನಿಧಾನ."