ಅಲುಗಾಡದ ಚಿತ್ರ

ಹೋದ ವರ್ಷ ಬೌದ್ಧ ವಿಹಾರದ ಕ್ಯಾಲೆಂಡರಿಗೆಂದು ಅಂಚೆ ಕಚೇರಿಯ ವಿಚಿಯನ್ ತೆಗೆದುಕೊಟ್ಟ ಫೋಟೋ ಮಂಜುಮಂಜಾಗಿತ್ತು. ಅದರಲ್ಲಿ ತಾವೆಲ್ಲಿದ್ದೇವೆಂದು ಫ್ರೇ ಪಟ್ಟಣದ ಅರ್ಧ ಜನ ಹುಡುಕಿ ಸೋತರು. ವಿಹಾರ ಸಮಿತಿಯ ಸಮ್ರುವೈ ದೊಡ್ಡಮ್ಮನಂತೂ ಅವನು ಕಾಗದಕ್ಕೆ ಮುದ್ರೆ ಒತ್ತುವಾಗಲೆಲ್ಲ, "ಇದಾದ್ರೂ ಸ್ಪಷ್ಟವಾಗಿ ಬೀಳ್ಲಪ್ಪ" ಅನ್ನುತ್ತಿದ್ದರು.

ಈ ಸಲವೂ ಕೆಟ್ಟರೆ ಕ್ಯಾಲೆಂಡರಿನ ಕೆಲಸ ಬೇರೆಯವರಿಗೆ ಎಂದು ಸಮಿತಿ ಹೇಳಿಬಿಟ್ಟಿತ್ತು. ಆ ಕೆಲಸವೆಂದರೆ ವಿಚಿಯನ್‌ಗೆ ಪ್ರಾಣ.

ವೈಶಾಖ ಹುಣ್ಣಿಮೆಯ ಸಂಜೆ ಜನ ತಾವರೆ, ಊದುಬತ್ತಿ, ಮೇಣದಬತ್ತಿ ಹಿಡಿದು ವಿಹಾರದ ಮಂದಿರದ ಸುತ್ತ ಮೂರು ಪ್ರದಕ್ಷಿಣೆಗೆ ಹೊರಟರು. ವಿಚಿಯನ್ ಕಂಬಕ್ಕೆ ಬೆನ್ನು ಕೊಟ್ಟು ಕ್ಯಾಮೆರಾ ಎತ್ತಿದ. ಅಷ್ಟು ಕಡಿಮೆ ಬೆಳಕಿಗೆ ಕ್ಯಾಮೆರಾ ಒಂದು ಗಳಿಗೆ ಕಣ್ಣು ತೆರೆದೇ ಇರಬೇಕು. ಅಷ್ಟರಲ್ಲಿ ಜನ ಎರಡು ಹೆಜ್ಜೆ ಮುಂದೆ ಹೋಗಿರುತ್ತಾರೆ. ತೆಗೆದ ಹನ್ನೆರಡು ಚಿತ್ರಗಳಲ್ಲೂ ಭಕ್ತರು ಒಗ್ಗರಣೆಯ ಹೊಗೆಯಂತೆ ಕಂಡರು.

"ಉಸಿರು ಬಿಗಿಹಿಡಿಯೋ," ಎಂದರು ನಿವೃತ್ತ ಮೇಷ್ಟ್ರು ಬುಂಚುವೇ, ನಡೆಯುತ್ತಲೇ.

"ಹಿಡಿದಿದೀನಿ ಮೇಷ್ಟ್ರೇ. ಅಲುಗಾಡ್ತಿರೋರು ನೀವು."

"ಫ್ಲ್ಯಾಶ್ ಹಾಕ್ಬಾರ್ದೇನ್ರೀ?" ವಿಚಿಯನ್‌ನ ಹೆಂಡತಿ ಉಬೊನ್ ಕೇಳಿದಳು.

"ಹಾಕಿದ್ರೆ, ಮತ್ತೆ ಮೇಣದಬತ್ತಿ ಹಚ್ಚಿದ್ದು ಯಾಕೆ ಅಂತಾರೆ ಕಣೆ."

ಕೊನೆಗೆ ತಾಳ್ಮೆಗೆಟ್ಟು ಸಾಲಿಗೇ ಅಡ್ಡ ಬಂದ. "ದೊಡ್ಡಮ್ಮ, ಒಂದೇ ಒಂದು ಕ್ಷಣ ನಿಂತ್ಕೊಳ್ಳಿ."

ದೊಡ್ಡಮ್ಮ ನಿಂತು, ಕೂದಲು ಸರಿಮಾಡಿಕೊಂಡು ನಕ್ಕರು. ಹಿಂದಿನವರಿಗೆ ಇದೆಲ್ಲಿ ಗೊತ್ತು? ಮೇಷ್ಟ್ರು ಅವರಿಗೆ ಡಿಕ್ಕಿ ಹೊಡೆದರು, ಮೇಷ್ಟ್ರಿಗೆ ಅವರ ಹಿಂದಿನವರು. ಬಿಸಿ ಮೇಣ ಹತ್ತಾರು ಕತ್ತುಗಳಿಗೆ ಇಳಿದು ಸಾಲು ಚೆಲ್ಲಾಪಿಲ್ಲಿಯಾಯಿತು. ಮತ್ತೆ ಸೇರಿದಾಗ ಹೊಸ ಪೀಕಲಾಟ: ಇದು ಎಷ್ಟನೇ ಸುತ್ತು?

"ಮೂರನೇದು," ಎಂದರು ದೊಡ್ಡಮ್ಮ.

"ಎರಡನೇದೇ ಮುಗಿದಿಲ್ಲ. ಬೇಕಾದ್ರೆ ಇವನ ಕ್ಯಾಮೆರಾ ನೋಡೋಣ. ನೀವು ಎಷ್ಟು ಸಲ ಕಂಡಿದೀರೋ ಅಷ್ಟು ಸುತ್ತು," ಎಂದರು ಮೇಷ್ಟ್ರು.

ಎಲ್ಲರೂ ಪುಟ್ಟ ಪರದೆಗೆ ಮುಗಿಬಿದ್ದರು. ಹನ್ನೆರಡು ಹೊಗೆ.

"ಇದ್ರಲ್ಲಿ ನಾನ್ಯಾರಪ್ಪ?" ದೊಡ್ಡಮ್ಮ ಕೇಳಿದರು. ವಿಚಿಯನ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ವಿಹಾರದ ಹಿರಿಯ ಭಿಕ್ಷುಗಳು ನಿಧಾನವಾಗಿ ಬಂದರು. "ಮೊದಲಿಂದ ಸುತ್ತಿ. ಲೆಕ್ಕ ತಪ್ಪಿಸಿದವನು ಇಲ್ಲೇ ನಿಂತು ಸುತ್ತಿಗೊಂದು ಮೇಣದಬತ್ತಿ ಹಚ್ಚಿ ಹಿಡ್ಕೊಳ್ಳಲಿ. ಅಲುಗಾಡಬೇಡ."

ಕ್ಯಾಮೆರಾ ದೊಡ್ಡಮ್ಮನ ಕೊರಳಿಗೆ ಹೋಯಿತು. ವಿಚಿಯನ್ ನೆಟ್ಟ ಗೂಟದಂತೆ ನಿಂತ. ಮೂಗಿನ ಮೇಲೆ ಸೊಳ್ಳೆ ಕೂತರೂ ಅಲುಗಲಿಲ್ಲ. ಮೂರನೇ ಸುತ್ತನ್ನು ಎಲ್ಲರಿಗಿಂತ ಮೊದಲು ಮುಗಿಸಿ ಸುಸ್ತಾದ ದೊಡ್ಡಮ್ಮ ಎದುರಿನ ಕಲ್ಲಿನ ಸಿಂಹದ ತಲೆಯ ಮೇಲೆ ಕ್ಯಾಮೆರಾ ಇಟ್ಟರು. ಅವರ ಬೆರಳು ಎಲ್ಲಿಗೆ ತಾಗಿತೋ, ಟಿಕ್ ಎಂದಿತು.

ಹೊಸ ಕ್ಯಾಲೆಂಡರಿನಲ್ಲಿ ಅದೇ ಚಿತ್ರ ಬಂತು. ಸುತ್ತಲೂ ಜನ ಹೊನ್ನಿನ ಹೊಳೆಯಾಗಿ ಹರಿಯುತ್ತಿದ್ದಾರೆ. ನಡುವೆ ವಿಚಿಯನ್ ಮೂರು ಮೇಣದಬತ್ತಿ ಹಿಡಿದು ಬಾಯಿ ತೆರೆದು ನಿಂತಿದ್ದಾನೆ. ಸೊಳ್ಳೆಯ ಕಾಲುಗಳನ್ನೂ ಎಣಿಸಬಹುದು. ಕೆಳಗೆ ಸಮ್ರುವೈ ಅವರ ಹೆಸರು. ಅಸೂಯೆಪಟ್ಟರೂ ಚಿತ್ರ ಚೆನ್ನಾಗಿದೆ ಎಂದು ಅವನೇ ಒಪ್ಪಿಕೊಂಡು ಗೋಡೆಗೆ ತೂಗುಹಾಕಿದ.

ಮರುದಿನ ದೊಡ್ಡಮ್ಮ ಅಂಚೆ ಕಚೇರಿಗೆ ಬಂದರು. "ಕ್ಯಾಲೆಂಡರಿನ ಕೆಲಸ ಇನ್ಮೇಲೆ ನಂಗಂತೆ. ಹಾಗಂತ ನಿನ್ನ ಬಿಟ್ಟಿಲ್ಲಪ್ಪ. ಮುಂದಿನ ವರ್ಷಾನೂ ನೀನು ಅಲ್ಲೇ ನಿಂತ್ಕೋಬೇಕು. ಬರುವಾಗ ಕ್ಯಾಮೆರಾ ಮರೀಬೇಡ."